ಕಾಣುವ ಅಕ್ಷರ, ಉಳಿಯುವ ಅಕ್ಷರ: ಪಿಡಿಎಫ್ ಬರಹಗಳಿಗೆ ಹಗುರವಾದ ಉಚಿತ ತಂತ್ರಾಂಶಗಳು

‘ಕಡತ’ ಎಂಬ ಶಬ್ದವು ಇಂದು ಕಚೇರಿಯ ಫೈಲಿಗೂ ಗಣಕಯಂತ್ರದ ಫೈಲಿಗೂ ಸಮಾನವಾಗಿ ಸಲ್ಲುತ್ತಿದೆಯಾದರೂ ಅದರ ಹಿಂದಿನ ಅರ್ಥ ಬೇರೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕಕ್ಕೆ ಕಡತವೆಂದು ಹೆಸರು. ವರ್ತಕರ ಲೆಕ್ಕಪತ್ರಗಳೂ ಮಠಮಾನ್ಯಗಳ ಆಯವ್ಯಯಗಳೂ ಇಂಥ ಕಡತಗಳಲ್ಲಿಯೇ ಇರುತ್ತಿದ್ದುವು. ಬರೆದುದನ್ನು ಒರಸಿ ಮತ್ತೆ ಬರೆಯಬಹುದೆಂಬುದು ಅದರ ಗುಣ, ದೋಷವೂ ಅದೇ. ತಿದ್ದಬಾರದ ಮಾತನ್ನು ಶಿಲೆಯ ಮೇಲೋ ತಾಮ್ರಪಟದ ಮೇಲೋ ಕೆತ್ತಿಸುವುದು ವಾಡಿಕೆಯಾಗಿತ್ತು. ಗಣಕಯಂತ್ರದ ಬರಹಗಳಲ್ಲಿಯೂ ಈ ಎರಡು ಜಾತಿಗಳುಂಟು. ಪತ್ರ, ವರದಿ, ಪ್ರಶ್ನೆಪತ್ರಿಕೆಗಳನ್ನು ಬರೆದು ತಿದ್ದುವ ಸಾಮಾನ್ಯ ಫೈಲು ಕಡತದ ಜಾತಿಯದು. ಪಿಡಿಎಫ್ ಎಂಬುದು ಶಾಸನದ ಜಾತಿಯದು. ಬರೆದವರ ಗಣಕಯಂತ್ರದಲ್ಲಿ ಪುಟವು ಹೇಗೆ ಕಂಡಿತೋ ಓದುವವರ ಗಣಕಯಂತ್ರದಲ್ಲಿಯೂ ಅದು ಹಾಗೆಯೇ ಕಾಣಬೇಕು, ಸಾಲು ಒಡೆಯಬಾರದು, ಪುಟ ಜಾರಬಾರದು, ಅಕ್ಷರದ ರೂಪ ಕೆಡಬಾರದು ಎಂಬುದೇ ಅದರ ಪ್ರಯೋಜನ.

ಈ ವಿಧಾನವನ್ನು ಕಂಡುಹಿಡಿದವರು ಅಮೆರಿಕದ ಅಡೋಬಿ ಸಂಸ್ಥೆಯವರು. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಷ್ಕಿ ಎಂಬಿಬ್ಬರು ೧೯೮೨ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯು ಮೊದಲಿಗೆ ಮುದ್ರಣಯಂತ್ರಕ್ಕೆ ಪುಟದ ವಿನ್ಯಾಸವನ್ನು ತಿಳಿಸುವ ಪೋಸ್ಟ್‌ಸ್ಕ್ರಿಪ್ಟ್ ಎಂಬ ಯಂತ್ರಭಾಷೆಯನ್ನು ರೂಪಿಸಿತು. ಮುದ್ರಣಕ್ಕೆ ಒದಗಿದ ಈ ಖಚಿತತೆ ತೆರೆಯ ಮೇಲಿನ ಓದಿಗೂ ಏಕೆ ಒದಗಬಾರದೆಂಬ ಆಲೋಚನೆಯನ್ನು ವಾರ್ನಾಕ್ ೧೯೯೧ರಲ್ಲಿ ‘ಕ್ಯಾಮೆಲಾಟ್’ ಎಂಬ ಹೆಸರಿನ ಸಣ್ಣ ಟಿಪ್ಪಣಿಯೊಂದರಲ್ಲಿ ಮುಂದಿಟ್ಟರು. ಅದರ ಫಲವಾಗಿ ೧೯೯೩ರಲ್ಲಿ ಪಿಡಿಎಫ್ ಹೊರಬಂದಿತು. ಆಗ ಅದನ್ನು ಓದುವ ತಂತ್ರಾಂಶಕ್ಕೂ ಬೆಲೆಯಿತ್ತು. ಹಣ ಕೊಟ್ಟು ಓದುವವರು ಇಲ್ಲವೆಂದು ತಿಳಿದ ಮೇಲೆ ಓದುವ ಸಾಧನವನ್ನು ಉಚಿತವಾಗಿ ಕೊಟ್ಟು, ರಚಿಸುವ ಸಾಧನಕ್ಕೆ ಮಾತ್ರ ಬೆಲೆಯನ್ನು ಉಳಿಸಿಕೊಂಡರು. ಪಿಡಿಎಫ್ ಮಾಡಲು ಹಣ ಕೊಡಬೇಕು ಎಂಬ ಭಾವನೆ ನಮ್ಮ ಶಾಲಾಕಚೇರಿಗಳಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವುದಕ್ಕೆ ಈ ಹಳೆಯ ವ್ಯವಸ್ಥೆಯೇ ಮೂಲವಿರಬೇಕು.

ವಸ್ತುಸ್ಥಿತಿ ಹಾಗಿಲ್ಲ. ಪಿಡಿಎಫ್‌ನ ಒಳರಚನೆಯ ಲಕ್ಷಣಗ್ರಂಥವನ್ನು ಆ ಸಂಸ್ಥೆಯು ಮೊದಲಿನಿಂದಲೂ ಬಹಿರಂಗವಾಗಿ ಪ್ರಕಟಿಸುತ್ತ ಬಂದಿತು. ೨೦೦೮ರಲ್ಲಿ ಅದು ಐಎಸ್ಒ ೩೨೦೦೦ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಎರಡನೆಯ ಭಾಗವನ್ನು ೨೦೨೩ರಿಂದ ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದಾಗಿದೆ. ಲಕ್ಷಣ ತಿಳಿದ ಮೇಲೆ ಲಕ್ಷ್ಯವನ್ನು ರಚಿಸಲು ಅಡ್ಡಿಯೇನು? ೧೯೮೮ರಲ್ಲಿಯೇ ಪೀಟರ್ ಡಾಯ್ಚ್ ಎಂಬುವರು ಪೋಸ್ಟ್‌ಸ್ಕ್ರಿಪ್ಟನ್ನು ಅರ್ಥೈಸುವ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶವನ್ನು ಹೊರತಂದಿದ್ದರು. ಮುಂದೆ ಅದು ಪಿಡಿಎಫನ್ನೂ ಓದಿತು, ರಚಿಸಿತು. ೧೯೯೫ರಲ್ಲಿ ಎಕ್ಸ್‌ಪಿಡಿಎಫ್ ಬಂದಿತು. ಅದರ ಮೂಲದಿಂದ ೨೦೦೫ರಲ್ಲಿ ಪಾಪ್ಲರ್ ಎಂಬ ಶಾಖೆ ಕವಲೊಡೆಯಿತು. ಲಿನಕ್ಸ್ ಗಣಕಯಂತ್ರಗಳಲ್ಲಿ ಇಂದು ಪಿಡಿಎಫ್ ತೆರೆದು ತೋರಿಸುವ ಎಷ್ಟೋ ತಂತ್ರಾಂಶಗಳ ಒಡಲಲ್ಲಿರುವುದು ಈ ಪಾಪ್ಲರೇ.

ಇಲ್ಲಿ ಉಚಿತ ಎಂಬ ಮಾತಿನ ವಿವೇಚನೆ ಅಗತ್ಯ. ಬೆಲೆಯಿಲ್ಲದೆ ಕೊಟ್ಟರೂ ಒಳಗುಟ್ಟನ್ನು ಮುಚ್ಚಿಟ್ಟು, ನಾಳೆ ಬೆಲೆ ಕೇಳುವ ಹಕ್ಕನ್ನು ಕೈಯಲ್ಲಿಯೇ ಇಟ್ಟುಕೊಳ್ಳುವ ತಂತ್ರಾಂಶಗಳು ಒಂದು ಬಗೆ. ಮೂಲಬರಹವನ್ನೇ ಬಹಿರಂಗಪಡಿಸಿ, ಬಳಸುವ, ಪರೀಕ್ಷಿಸುವ, ತಿದ್ದುವ, ಇತರರಿಗೆ ಹಂಚುವ ಅಧಿಕಾರವನ್ನು ಬಳಸುವವರಿಗೆ ಬಿಟ್ಟುಕೊಡುವ ಸ್ವತಂತ್ರ ತಂತ್ರಾಂಶಗಳು ಇನ್ನೊಂದು ಬಗೆ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಫ್ರೀ ಎಂಬ ಒಂದೇ ಶಬ್ದವಿರುವುದರಿಂದ ಗೊಂದಲವುಂಟಾಗುತ್ತದೆ. ಕನ್ನಡಕ್ಕೆ ಆ ಕಷ್ಟವಿಲ್ಲ. ಶಾಲೆಯಂಥ ಸಂಸ್ಥೆಗಳು ಎರಡನೆಯ ಬಗೆಯನ್ನೇ ಆರಿಸಿಕೊಳ್ಳುವುದು ಲೇಸು. ಒಂದು ಗಣಕಯಂತ್ರಕ್ಕೆ ಹಾಕಿದುದನ್ನು ಮೂವತ್ತಕ್ಕೆ ಹಾಕಿದರೂ, ವಿದ್ಯಾರ್ಥಿಗಳ ಮನೆಗೆ ಕೊಟ್ಟು ಕಳುಹಿಸಿದರೂ ಅದು ನ್ಯಾಯಸಮ್ಮತವಾಗಿಯೇ ಇರುತ್ತದೆ.

ಇನ್ನು ‘ಹಗುರ’ ಎಂಬುದರ ವಿಚಾರ. ಹಗುರವಾಗಿ ಮಾತನಾಡುವುದು, ಹಗುರವಾಗಿ ಕಾಣುವುದು ಎಂಬ ಪ್ರಯೋಗಗಳಿಂದ ಈ ಶಬ್ದಕ್ಕೆ ಕೀಳರ್ಥವೊಂದು ಅಂಟಿಕೊಂಡಿದೆ. ತಂತ್ರಾಂಶಕ್ಕೆ ಹಗುರವೆನ್ನುವುದು ಸ್ತುತಿ. ಗಣಕಯಂತ್ರದ ಸ್ಮರಣೆಯಲ್ಲಿ ಅದು ಕಡಮೆ ಜಾಗ ಹಿಡಿಯುತ್ತದೆ, ತಡವಿಲ್ಲದೆ ತೆರೆಯುತ್ತದೆ, ಬೇಡದ ಕಾರ್ಯಗಳನ್ನು ಹಿನ್ನೆಲೆಯಲ್ಲಿ ನಡೆಸುವುದಿಲ್ಲ ಎಂದು ಅರ್ಥ. ದಾನಿಗಳಿಂದ ಬಂದ ಹಳೆಯ ಗಣಕಯಂತ್ರಗಳಲ್ಲಿ ಪಾಠ ನಡೆಸಬೇಕಾದ ಕಡೆ ಈ ಗುಣ ಬಹು ಮುಖ್ಯ. ಅಡೋಬಿಯವರ ಓದುವ ತಂತ್ರಾಂಶವು ಉಚಿತವೇ ಆದರೂ ನೂರಾರು ಮೆಗಾಬೈಟುಗಳ ಗಾತ್ರದ್ದು. ವಿಂಡೋಸ್ ಬಳಸುವವರಿಗೆ ಸುಮಾತ್ರಾ ಪಿಡಿಎಫ್ ಎಂಬ ಸ್ವತಂತ್ರ ತಂತ್ರಾಂಶವು ಅದರ ಹತ್ತನೆಯ ಒಂದಂಶಕ್ಕಿಂತಲೂ ಕಡಮೆ ಗಾತ್ರದಲ್ಲಿ ದೊರೆಯುತ್ತದೆ. ಕ್ಷಿಶ್ತಾಫ್ ಕೊವಾಲ್ಚಿಕ್ ಎಂಬುವರು ೨೦೦೬ರಲ್ಲಿ ಆರಂಭಿಸಿದ ಈ ಕೆಲಸ ಇಂದಿಗೂ ನಡೆದಿದೆ. ಅದನ್ನು ಗಣಕಯಂತ್ರದಲ್ಲಿ ಸ್ಥಾಪಿಸಲೇಬೇಕೆಂಬ ನಿಯಮವಿಲ್ಲ. ಪೆನ್‌ಡ್ರೈವಿನಲ್ಲಿಟ್ಟುಕೊಂಡು ಎಲ್ಲಿ ಬೇಕಾದಲ್ಲಿ ತೆರೆಯಬಹುದಾದ ಆವೃತ್ತಿಯೂ ಇದೆ. ಪಿಡಿಎಫ್ ಅಲ್ಲದೆ ಇಪಬ್, ಡೇಜಾವು ಮೊದಲಾದ ಬಗೆಯ ಪುಸ್ತಕಗಳನ್ನೂ ಅದು ತೆರೆಯುತ್ತದೆ.

ಲಿನಕ್ಸ್ ಬಳಸುವವರಿಗೆ ಎವಿನ್ಸ್ ಬಹುಕಾಲದ ಸಂಗಾತಿ. ಗ್ನೋಮ್ ವ್ಯವಸ್ಥೆಯಲ್ಲಿ ೨೦೨೫ರಿಂದ ಅದರ ಸ್ಥಾನಕ್ಕೆ ಪೇಪರ್ಸ್ ಬಂದಿದೆ. ಇನ್ನೂ ಹಗುರವಾದುದು ಬೇಕೆಂದರೆ ಎಂಯುಪಿಡಿಎಫ್ ಇದೆ. ಒಕ್ಯುಲರ್ ಎಂಬುದರ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಪರಿಸರಕ್ಕೆ ಹಿತವಾದ ವಸ್ತುಗಳಿಗೆ ಜರ್ಮನಿಯಲ್ಲಿ ನೀಡುವ ‘ಬ್ಲೌವರ್ ಎಂಗೆಲ್’ ಎಂಬ ಮುದ್ರೆಯನ್ನು ೨೦೨೨ರಲ್ಲಿ ಒಕ್ಯುಲರ್‌ಗೆ ನೀಡಲಾಯಿತು. ತಂತ್ರಾಂಶವೊಂದಕ್ಕೆ ಆ ಗೌರವ ಸಂದುದು ಅದೇ ಮೊದಲು. ವಿದ್ಯುತ್ತನ್ನು ಮಿತವಾಗಿ ಬಳಸುವುದೂ ಹಳೆಯ ಗಣಕಯಂತ್ರಗಳನ್ನು ಬಿಸುಡದೆ ಬಳಸಲು ನೆರವಾಗುವುದೂ ಅಲ್ಲಿ ಪರಿಗಣಿತವಾದ ಗುಣಗಳು. ಇಷ್ಟೂ ಬೇಡವೆನ್ನುವವರು ಅಂತರಜಾಲ ನೋಡುವ ಫೈರ್‌ಫಾಕ್ಸಿನಲ್ಲಿಯೇ ಪಿಡಿಎಫ್ ತೆರೆಯಬಹುದು. ೨೦೧೩ರಿಂದ ಆ ಸೌಲಭ್ಯ ಅದರೊಳಗೇ ಇದೆ.

ಹಗುರವಾದ ಸಾಧನವು ಎಲ್ಲ ಕೆಲಸಕ್ಕೂ ಒದಗುತ್ತದೆಂದು ಹೇಳಿದರೆ ಅದು ಅರ್ಥವಾದವಾದೀತು. ಖಾಲಿ ಜಾಗ ತುಂಬಬೇಕಾದ ಅರ್ಜಿಗಳಿಗೆ ಸುಮಾತ್ರಾ ಸಲ್ಲದು. ಆ ಕೆಲಸಕ್ಕೆ ಒಕ್ಯುಲರ್ ಅಥವಾ ಫೈರ್‌ಫಾಕ್ಸ್ ಬೇಕು. ಡಿಜಿಟಲ್ ಸಹಿಯ ಪರಿಶೀಲನೆಯೂ ಹಾಗೆಯೇ. ಹಿಂದೆ ಕೂಟಶಾಸನಗಳಿದ್ದಂತೆ ಪಿಡಿಎಫ್‌ಗಳನ್ನು ತಿದ್ದುವವರೂ ಇದ್ದಾರೆ. ಆದಕಾರಣ ಇ-ಆಧಾರ್‌ನಂಥ ಪತ್ರಗಳಿಗೆ ಡಿಜಿಟಲ್ ಸಹಿ ಹಾಕಿರುತ್ತಾರೆ. ಆ ಸಹಿ ನಿಜವೇ ಎಂಬುದನ್ನು ತೋರಿಸುವ ಶಕ್ತಿ ಎಲ್ಲ ತಂತ್ರಾಂಶಗಳಿಗೂ ಇಲ್ಲ. ಇಂಥ ಪತ್ರಗಳನ್ನು ಆಗಾಗ ಪರಿಶೀಲಿಸಬೇಕಾದ ಕಚೇರಿಯ ಒಂದು ಗಣಕಯಂತ್ರದಲ್ಲಿ ಅಡೋಬಿಯವರ ತಂತ್ರಾಂಶವನ್ನೋ ಒಕ್ಯುಲರನ್ನೋ ಇಟ್ಟುಕೊಂಡು, ಪಾಠದ ಕೋಣೆಗಳಲ್ಲಿ ಹಗುರವಾದುದನ್ನು ಬಳಸುವುದು ವಿಹಿತ.

ಓದುವ ಮಾತು ಇಷ್ಟಕ್ಕೆ ಮುಗಿಯಿತು. ರಚಿಸುವ ಮಾತು ಹೀಗೆ ಸುಲಭವಾಗಿ ಮುಗಿಯುವುದಿಲ್ಲ. ಕನ್ನಡಿಗರ ಮಟ್ಟಿಗಂತೂ ವಿಷಯದ ತಿರುಳಿರುವುದು ಅಲ್ಲಿಯೇ.

ಪಿಡಿಎಫ್ ರಚಿಸಲು ಎರಡು ದಾರಿಗಳಿವೆ. ಮೊದಲನೆಯದು ಮುದ್ರಣದ ದಾರಿ. ಕಾಗದಕ್ಕೆ ಮುದ್ರಿಸುವ ಬದಲು ಫೈಲಿಗೆ ಮುದ್ರಿಸೆಂದು ಆಜ್ಞಾಪಿಸಿದರೆ ಪಿಡಿಎಫ್ ಸಿದ್ಧವಾಗುತ್ತದೆ. ೨೦೧೫ರಲ್ಲಿ ಬಂದ ವಿಂಡೋಸ್ ೧೦ರಿಂದ ಈ ಸೌಲಭ್ಯ ಗಣಕಯಂತ್ರದೊಂದಿಗೇ ಬರುತ್ತಿದೆ. ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಘೋಸ್ಟ್‌ಸ್ಕ್ರಿಪ್ಟನ್ನು ಆಧರಿಸಿದ ಕೃತಕ ಮುದ್ರಕಗಳನ್ನು ಸೇರಿಸಿಕೊಳ್ಳುತ್ತಿದ್ದರು. ಎರಡನೆಯದು ನೇರ ದಾರಿ. ಬರೆಯುವ ತಂತ್ರಾಂಶವೇ ತನ್ನ ಫೈಲನ್ನು ಪಿಡಿಎಫ್ ಆಗಿ ಪರಿವರ್ತಿಸಿ ಕೊಡುವುದು. ಸ್ವತಂತ್ರ ತಂತ್ರಾಂಶವಾದ ಓಪನ್‌ಆಫೀಸ್‌ನಲ್ಲಿ ೨೦೦೩ರಿಂದಲೇ ಈ ಅನುಕೂಲವಿದ್ದಿತು. ೨೦೧೦ರಲ್ಲಿ ಅದರಿಂದ ಹುಟ್ಟಿದ ಲಿಬ್ರೆಆಫೀಸ್ ಅದನ್ನು ಮತ್ತಷ್ಟು ಬೆಳೆಸಿದೆ. ಮೈಕ್ರೋಸಾಫ್ಟ್‌ನ ವರ್ಡಿನಲ್ಲಿಯೂ ಇಂದು ನೇರ ದಾರಿಯುಂಟು. ಇಂಗ್ಲಿಷ್ ಬರಹಕ್ಕೆ ಈ ಎರಡು ದಾರಿಗಳ ವ್ಯತ್ಯಾಸ ಅಷ್ಟಾಗಿ ತೋರದು. ಕನ್ನಡಕ್ಕೆ ಅದು ಬಹಳ ದೊಡ್ಡದು.

ಕಾರಣವನ್ನು ಲಿಪಿಯಲ್ಲಿಯೇ ಹುಡುಕಬೇಕು. ಕನ್ನಡದಲ್ಲಿ ಉಚ್ಚಾರಣೆಯ ಕ್ರಮ ಒಂದು, ಬರಹದ ಆಕಾರ ಇನ್ನೊಂದು. ಒತ್ತಕ್ಷರವು ಮೂಲಾಕ್ಷರದ ಕೆಳಗೋ ಪಕ್ಕಕ್ಕೋ ಹೋಗಿ ಕುಳಿತುಕೊಳ್ಳುತ್ತದೆ. ಅರ್ಕಾವತ್ತಿನ ನಡತೆ ಇದಕ್ಕಿಂತಲೂ ವಿಲಕ್ಷಣ. ‘ಧರ್ಮ’ ಎಂಬಲ್ಲಿ ರೇಫವನ್ನು ಮಕಾರಕ್ಕಿಂತ ಮೊದಲು ಉಚ್ಚರಿಸುತ್ತೇವೆ. ಬರೆಯುವಾಗ ಅದರ ಚಿಹ್ನೆಯನ್ನು ಮಕಾರದ ಆಚೆಗೆ ಇಡುತ್ತೇವೆ. ಕನ್ನಡಕ್ಕೆ ೧೯೯೧ರಿಂದ ಸ್ಥಾನ ಕೊಟ್ಟಿರುವ ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯು ಉಚ್ಚಾರಣೆಯ ಕ್ರಮವನ್ನೇ ಅನುಸರಿಸಿ, ರೇಫವನ್ನು ಮೊದಲು, ಮಕಾರವನ್ನು ತರುವಾಯ ಇಡುತ್ತದೆ. ಅದನ್ನು ಸರಿಯಾದ ಆಕಾರಕ್ಕೆ ತರುವ ಹೊಣೆ ಫಾಂಟಿನದು, ಅಕ್ಷರ ಜೋಡಿಸುವ ತಂತ್ರಾಂಶದ್ದು. ಪಿಡಿಎಫ್ ಎಂಬುದಾದರೋ ಹುಟ್ಟಿನಿಂದ ಮುದ್ರಣದ ಕೂಸು. ಯಾವ ಆಕಾರ ಪುಟದ ಯಾವ ಬಿಂದುವಿನಲ್ಲಿ ಕೂರಬೇಕೆಂಬುದೇ ಅದಕ್ಕೆ ಮುಖ್ಯ. ಆ ಆಕಾರ ಯಾವ ಅಕ್ಷರದ್ದೆಂಬುದನ್ನು ಪ್ರತ್ಯೇಕವಾಗಿ ಬರೆದಿಟ್ಟರಷ್ಟೇ ಅದಕ್ಕೆ ಗೊತ್ತು. ಕೃತಕ ಮುದ್ರಕದ ದಾರಿಯಲ್ಲಿ ಆಕಾರಗಳು ಮಾತ್ರ ಸಾಗಿ, ಅಕ್ಷರಗಳ ತಿಳಿವಳಿಕೆ ಎಷ್ಟೋ ವೇಳೆ ಹಿಂದೆಯೇ ಉಳಿದುಬಿಡುತ್ತದೆ.

ಫಲವೇನಾಗುತ್ತದೆಂದರೆ, ಪುಟ ಸುಂದರವಾಗಿ ಕಾಣುತ್ತದೆ. ಅದರಿಂದ ಒಂದು ಸಾಲನ್ನು ನಕಲಿಸಿ ಬೇರೆಡೆ ಇಟ್ಟರೆ ‘ಧರ್ಮ’ವು ‘ಧಮರ್’ ಆಗಿರುತ್ತದೆ, ‘ಕರ್ನಾಟಕ’ವು ‘ಕನಾರ್ಟಕ’ವಾಗಿರುತ್ತದೆ, ‘ಚಿತ್ರದುರ್ಗ’ವು ‘ಚಿತ್ರದುಗರ್’ ಆಗಿರುತ್ತದೆ. ಅಂತರಜಾಲದ ಕನ್ನಡ ಪುಟಗಳಲ್ಲಿ ‘ಕನಾರ್ಟಕ’ ಎಂಬ ವಿಕೃತ ರೂಪವನ್ನು ಕಂಡು ಬರೆದವರ ಅಜ್ಞಾನವೆಂದು ಮರುಗುವ ಪಂಡಿತರುಂಟು. ಅದು ಅನೇಕ ವೇಳೆ ಬರೆದವರ ತಪ್ಪಲ್ಲ, ಹೀಗೆ ಆಕಾರವನ್ನೇ ಅಕ್ಷರವೆಂದು ಭ್ರಮಿಸಿದ ಯಂತ್ರದ ತಪ್ಪು. ಐನೂರು ಪುಟದ ಸಂಚಿಕೆಯೊಂದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಊರ ಹೆಸರನ್ನು ಹುಡುಕಿದರೆ ಅದು ಇದ್ದೂ ಸಿಕ್ಕುವುದಿಲ್ಲ.

ಇದಕ್ಕಿಂತ ಗುರುತರವಾದ ನಷ್ಟ ಅಂಧ ವಿದ್ಯಾರ್ಥಿಗಳದು. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ಸ್ವತಂತ್ರ ತಂತ್ರಾಂಶವಿದೆ. ಇ-ಸ್ಪೀಕ್ ಎಂಬ ಧ್ವನಿಯಂತ್ರದ ನೆರವಿನಿಂದ ಅದು ಕನ್ನಡವನ್ನೂ ಓದುತ್ತದೆ. ಅದು ಓದುವುದು ಆಕಾರವನ್ನಲ್ಲ, ಒಳಗೆ ಅಡಗಿರುವ ಅಕ್ಷರವನ್ನು. ಒಳಗಿನ ಅಕ್ಷರ ಕೆಟ್ಟಿದ್ದರೆ ಕಣ್ಣುಳ್ಳವರಿಗೆ ನಿರ್ದುಷ್ಟವಾಗಿ ಕಾಣುವ ಪಾಠವೇ ಆ ಮಕ್ಕಳ ಕಿವಿಗೆ ಅಪಶಬ್ದಗಳ ರಾಶಿಯಾಗಿ ಬೀಳುತ್ತದೆ. ಇಂಥ ಪಿಡಿಎಫ್ ಹಂಚಿದ ಅಧ್ಯಾಪಕರಿಗೆ ಈ ಸಂಗತಿ ತಿಳಿಯುವುದೇ ಇಲ್ಲ.

ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಬರಹಗಳ ಅವಸ್ಥೆ ಇನ್ನೂ ಶೋಚನೀಯ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸಿದುವು. ಅಂದಿನ ಪರಿಸ್ಥಿತಿಯಲ್ಲಿ ಅದು ಅನಿವಾರ್ಯವಾದ ಉಪಾಯ. ಕನ್ನಡವನ್ನು ಗಣಕಯಂತ್ರಕ್ಕೆ ತಂದ ಅವುಗಳ ಉಪಕಾರ ಸ್ಮರಣೀಯ. ಆದರೆ ಅಂಥ ಪಿಡಿಎಫ್‌ನಿಂದ ‘ಕನ್ನಡ’ ಎಂಬ ಪದವನ್ನೇ ನಕಲಿಸಿದರೆ ದೊರೆಯುವುದು ಇಂಗ್ಲಿಷಿನ ಒಂದು ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಒಂದು ಎ, ಬ್ರಿಟನ್ನಿನ ಪೌಂಡಿನ ಚಿಹ್ನೆ ಇತ್ಯಾದಿಗಳ ಅಸಂಬದ್ಧ ಸಾಲು. ಮುದ್ರಣಾಲಯಗಳಲ್ಲಿ ಈ ಫಾಂಟುಗಳ ಬಳಕೆ ಇನ್ನೂ ನಿಂತಿಲ್ಲವಾದ್ದರಿಂದ, ಸಂಚಿಕೆಯನ್ನು ಮುದ್ರಣಕ್ಕೆ ಕೊಡುವವರು ಯೂನಿಕೋಡ್ ಪ್ರತಿಯನ್ನೂ ಕೇಳಿ ಪಡೆಯಬೇಕು. ಹಳೆಯ ಫೈಲುಗಳು ಕೈಯಲ್ಲಿದ್ದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಇವೆ; ನುಡಿಯ ಈಚಿನ ಆವೃತ್ತಿಗಳಲ್ಲಿಯೂ ಆ ವ್ಯವಸ್ಥೆಯುಂಟು.

ಹಾಗಾದರೆ ಯೋಗ್ಯವಾದ ಕ್ರಮ ಯಾವುದು? ಬರಹವನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸಿ, ಲಿಬ್ರೆಆಫೀಸ್‌ನ ನೇರ ದಾರಿಯಿಂದ ಪಿಡಿಎಫ್ ಮಾಡುವುದು ಇಂದಿಗೆ ಉತ್ತಮ. ಫಾಂಟುಗಳಿಗೆ ಕೊರತೆಯಿಲ್ಲ, ಲೋಹಿತ್, ನೋಟೋ, ಗುಬ್ಬಿ, ನವಿಲು ಎಂಬಿವೆಲ್ಲ ಸ್ವತಂತ್ರವಾಗಿ ಬಳಸಬಹುದಾದವು. ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ಅಂಗವನ್ನು ೨೦೧೭ರಿಂದ ಎಲ್ಲ ಬಗೆಯ ಗಣಕಯಂತ್ರಗಳಲ್ಲಿಯೂ ಅಳವಡಿಸಿಕೊಂಡಿರುವ ಲಿಬ್ರೆಆಫೀಸ್, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಆಕಾರದ ಬೆನ್ನಿಗೆ ಅದರ ನಿಜವಾದ ಅಕ್ಷರವನ್ನು ಕಟ್ಟಿಡುವುದಕ್ಕೆ ಪಿಡಿಎಫ್ ಮಾನಕದಲ್ಲಿಯೇ ಅವಕಾಶವಿದ್ದು, ಆ ಅವಕಾಶವನ್ನೂ ಅದು ಬಳಸಿಕೊಳ್ಳುತ್ತದೆ. ಪರಿವರ್ತಿಸುವಾಗ ಎದುರಾಗುವ ಆಯ್ಕೆಗಳಲ್ಲಿ ಎರಡನ್ನು ಗಮನಿಸಬೇಕು. ಪಿಡಿಎಫ್/ಎ ಎಂಬುದು ಒಂದು. ೨೦೦೫ರಲ್ಲಿ ಮಾನಕವಾದ ಇದು ದೀರ್ಘಕಾಲದ ಸಂರಕ್ಷಣೆಗೆಂದೇ ರಚಿತವಾದುದು. ಬಳಸಿದ ಫಾಂಟು ಫೈಲಿನೊಳಗೇ ಇರಬೇಕು, ಗುಪ್ತಪದದ ಬೀಗ ಇರಬಾರದು ಎಂಬುವು ಅದರ ಕಟ್ಟಳೆಗಳಲ್ಲಿ ಕೆಲವು. ಇನ್ನೊಂದು, ತಿದ್ದಬಹುದಾದ ಮೂಲಬರಹವನ್ನು ಪಿಡಿಎಫ್‌ನ ಒಡಲಲ್ಲಿಯೇ ಸೇರಿಸಿಡುವ ಆಯ್ಕೆ. ಕಡತವನ್ನು ಶಾಸನದೊಳಗೇ ಇಟ್ಟಂತಾಯಿತು. ಹತ್ತು ವರ್ಷಗಳ ಬಳಿಕ ಮರುಮುದ್ರಣ ಮಾಡಬೇಕಾದವರಿಗೆ ಇದರಿಂದ ಆಗುವ ಉಪಕಾರ ಅಷ್ಟಿಷ್ಟಲ್ಲ.

ಪುಟಗಳನ್ನು ಕೂಡಿಸುವುದು, ಬಿಡಿಸುವುದು, ತಿರುಗಿಸುವುದು ಮುಂತಾದ ಸಣ್ಣಪುಟ್ಟ ಕೆಲಸಗಳಿಗೆ ಪಿಡಿಎಫ್ ಅರೇಂಜರ್, ಪಿಡಿಎಫ್‌ಸ್ಯಾಮ್ ಬೇಸಿಕ್ ಎಂಬ ಸ್ವತಂತ್ರ ಸಾಧನಗಳು ಸಾಕು. ಇವೇ ಕೆಲಸಗಳನ್ನು ಮಾಡಿಕೊಡುವೆವೆಂದು ಆಹ್ವಾನಿಸುವ ಜಾಲತಾಣಗಳೂ ಬಹಳ. ಅವು ಉಚಿತವೆಂಬುದು ದಿಟ. ಆದರೆ ಅಲ್ಲಿಗೆ ಏರಿಸಿದ ಬರಹ ಶಾಲೆಯ ಹೊಸ್ತಿಲು ದಾಟಿ ಯಾರದೋ ಯಂತ್ರಕ್ಕೆ ಹೋಗಿರುತ್ತದೆ. ಅಂಕಪಟ್ಟಿ, ದಾಖಲಾತಿ ಪತ್ರ, ದಾನಿಗಳ ವಿಳಾಸಗಳನ್ನು ಹೀಗೆ ಕಳುಹಿಸುವುದು ಸಲ್ಲದು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ವಿವರಗಳ ಬಳಕೆಗೆ ತಂದೆತಾಯಿಗಳ ಸಮ್ಮತಿಯನ್ನು ವಿಧಿಸಿದೆಯೆಂಬುದನ್ನು ಶಾಲೆಯವರು ಅರಿತಿರಬೇಕು. ತಂತ್ರಾಂಶಗಳನ್ನು ಇಳಿಸಿಕೊಳ್ಳುವಾಗಲೂ ಆಯಾ ತಂತ್ರಾಂಶದ ಸ್ವಂತ ಜಾಲತಾಣಕ್ಕೇ ಹೋಗಬೇಕು. ನಡುವಣವರ ತಾಣಗಳಲ್ಲಿ ಬೇಡದ ಸರಕನ್ನೂ ಗಂಟುಹಾಕಿ ಕೊಡುವ ಪದ್ಧತಿಯುಂಟು.

ಕೊನೆಯದಾಗಿ, ಗಣಕಯಂತ್ರ ಬರುವುದಕ್ಕೂ ಹಿಂದೆ ಅಚ್ಚಾದ ಸಂಚಿಕೆಗಳ ವಿಚಾರ. ಪುಟಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿಸಿದರೆ ದೊರೆಯುವುದು ಬರಿಯ ಚಿತ್ರ. ಅದರಲ್ಲಿ ಆಕಾರವಷ್ಟೇ ಇದೆ, ಅಕ್ಷರವಿಲ್ಲ. ಚಿತ್ರದಿಂದ ಅಕ್ಷರವನ್ನು ಗುರುತಿಸಿ ತೆಗೆಯುವ ಟೆಸೆರ‍್ಯಾಕ್ಟ್ ಎಂಬ ತಂತ್ರಾಂಶವು ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಹುಟ್ಟಿ, ೨೦೦೫ರಲ್ಲಿ ಸ್ವತಂತ್ರ ತಂತ್ರಾಂಶವಾಗಿ ಬಿಡುಗಡೆಯಾಯಿತು. ಅದಕ್ಕೆ ಕನ್ನಡವನ್ನೂ ಕಲಿಸಲಾಗಿದೆ. ಸ್ಕ್ಯಾನ್ ಮಾಡುವುದು, ಪುಟ ಜೋಡಿಸುವುದು, ಅಕ್ಷರ ಗುರುತಿಸಿ ಚಿತ್ರದ ಹಿಂದೆ ಅಡಗಿಸಿಡುವುದು, ಈ ಮೂರನ್ನೂ ಟೆಸೆರ‍್ಯಾಕ್ಟಿನ ನೆರವಿನಿಂದ ಒಂದೆಡೆ ಮಾಡಿಕೊಡುವ ನ್ಯಾಪ್ಸ್-೨ ಎಂಬ ಉಚಿತ ಸಾಧನವಿದೆ. ಅಂಗುಲಕ್ಕೆ ೩೦೦ ಚುಕ್ಕೆಗಳಿಗಿಂತ ಕಡಮೆಯಾಗದಂತೆ ಸ್ಕ್ಯಾನ್ ಮಾಡಿದರೆ ಒಳ್ಳೆಯ ಫಲ ದೊರೆಯುತ್ತದೆ. ಸವೆದ ಮೊಳೆಗಳಿಂದ ಅಚ್ಚಾದ ಪುಟಗಳಲ್ಲಿ ಒತ್ತಕ್ಷರಗಳೂ ದೀರ್ಘಗಳೂ ಯಂತ್ರವನ್ನು ಏಮಾರಿಸುವುದುಂಟು. ಅಲ್ಲಿ ಕರಡು ತಿದ್ದುವ ಹಳೆಯ ಶ್ರಮ ತಪ್ಪಿದ್ದಲ್ಲ. ಕೆಲಸ ಸರಿಯಾಗಿದೆಯೇ ಎಂದು ನೋಡಲು ಒಂದು ಸುಲಭೋಪಾಯವಿದೆ: ಸಿದ್ಧವಾದ ಪಿಡಿಎಫನ್ನು ತೆರೆದು, ಅರ್ಕಾವತ್ತಿರುವ ಯಾವುದಾದರೊಂದು ಪದವನ್ನು, ‘ಕಾರ್ಯದರ್ಶಿ’ ಎಂಬುದನ್ನೇ ಆಗಲಿ, ಹುಡುಕುವ ಜಾಗದಲ್ಲಿ ಬರೆದು ನೋಡುವುದು. ಪುಟದಲ್ಲಿರುವ ಪದ ಸಿಕ್ಕಿದರೆ ಆ ಪ್ರತಿಯನ್ನು ಸಂಗ್ರಹಕ್ಕೆ ಸೇರಿಸಬಹುದು. ಸಿಕ್ಕದಿದ್ದರೆ ಆ ಪುಟವನ್ನು ಮತ್ತೆ ಮಾಡಬೇಕು.